ಉಬುಂಟುವಿನಲ್ಲಿ ಒರಾಕಲ್ ಕ್ಲೈಂಟ್: ಸದಸ್ಯರಿಗೆ ಸೂಚನೆ

ಪುಣೆ ಕನ್ನಡಿಗರ ತಂತ್ರಜ್ಞಾನ ಬಳಗದ ಎಲ್ಲರಿಗೂ ನಮಸ್ಕಾರ.

ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ಕೆಲವು ಸದಸ್ಯರು ಉಬುಂಟು (ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ) ಲ್ಯಾಪ್‌ಟಾಪಿನಲ್ಲಿ ಒರಾಕಲ್ ಇನ್‌ಸ್ಟಂಟ್ ಕ್ಲೈಂಟ್ (ಒರಾಕಲ್ ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುವ ತಂತ್ರಾಂಶ) ಅಳವಡಿಸುವ ಬಗೆಯನ್ನು ಕೇಳಿದ್ದೀರಿ. ಉಬುಂಟುವಿಗೆ ಒರಾಕಲ್‌ನ ಅಧಿಕೃತ ಬೆಂಬಲವಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆದ್ದರಿಂದ ಇದನ್ನು ನಿಮ್ಮ ಅಭ್ಯಾಸದ ಯಂತ್ರಕ್ಕೆ ಸೀಮಿತಗೊಳಿಸಿ, ಗ್ರಾಹಕರ ಸರ್ವರಿನಲ್ಲಿ ದಯವಿಟ್ಟು ಮಾಡಬೇಡಿ.

ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ಗಳ ಆರ್‌ಪಿಎಂ ಪ್ಯಾಕೇಜ್ ಕಡತವನ್ನು ಏಲಿಯನ್ ಎಂಬ ಸಾಧನದ ಮೂಲಕ ಉಬುಂಟುವಿಗೆ ಹೊಂದುವಂತೆ ಪರಿವರ್ತಿಸುವುದಕ್ಕಿಂತ, ಜಿಪ್ ಕಡತವನ್ನು ಇಳಿಸಿಕೊಂಡು ಬಿಚ್ಚಿ, ಆ ಫೋಲ್ಡರಿನ ವಿಳಾಸವನ್ನು ವ್ಯವಸ್ಥೆಯು ಲೈಬ್ರರಿಗಳನ್ನು (ತಂತ್ರಾಂಶಗಳು ಬಳಸುವ ಸಿದ್ಧ ಕೋಡ್ ಕಡತಗಳನ್ನು) ಹುಡುಕುವ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಜಾರಿಗೊಳಿಸುವ ಎಲ್‌ಡಿಕಾನ್ಫಿಗ್ ಆದೇಶವನ್ನು ನಡೆಸುವುದು ನನ್ನ ಮಟ್ಟಿಗೆ ಸರಳವಾದ ದಾರಿ.

ಹೆಚ್ಚಿನವರು ಎಡವುವುದು ಕ್ಲೈಂಟ್‌ಗೆ ಬೇಕಾದ ಲಿಬ್‌ಎಐಒ ಎಂಬ ಲೈಬ್ರರಿಯಲ್ಲಿ. 2038ರ ಸಮಯ ಸಮಸ್ಯೆಯನ್ನು (32 ಬಿಟ್‌ನಲ್ಲಿ ಸಮಯವನ್ನು ಎಣಿಸುವ ತಂತ್ರಾಂಶಗಳ ಎಣಿಕೆ ಆ ವರ್ಷ ಮಿತಿ ಮೀರುವುದನ್ನು) ನೀಗಿಸಲು ಕೈಗೊಂಡ ಬದಲಾವಣೆಯಿಂದಾಗಿ ಉಬುಂಟು 24.04ರಲ್ಲಿ ಅದರ ಪ್ಯಾಕೇಜಿಗೂ ಕಡತಕ್ಕೂ ‘ಟಿ64’ ಎಂಬ ಬಾಲ ಸೇರಿದೆ. ಕ್ಲೈಂಟ್ ಮಾತ್ರ ಹಳೆಯ ಹೆಸರನ್ನೇ ಹುಡುಕುವುದರಿಂದ, ಪ್ಯಾಕೇಜ್ ಇದ್ದರೂ ‘ಕಡತ ಸಿಗಲಿಲ್ಲ’ ಎಂಬ ದೋಷ ಬರುತ್ತದೆ. ಹಳೆಯ ಹೆಸರಿನಿಂದ ಹೊಸ ಕಡತಕ್ಕೆ ಒಂದು ಸಾಂಕೇತಿಕ ಕೊಂಡಿ (ಸಿಂಬಾಲಿಕ್ ಲಿಂಕ್) ಮಾಡಿದರೆ ಇದು ಬಗೆಹರಿಯುತ್ತದೆ. ಇದಕ್ಕಾಗಿ ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸುವ ಅಗತ್ಯ ಖಂಡಿತ ಇಲ್ಲ.

ಪೈಥಾನಿನಿಂದ ಮಾತ್ರ ಸಂಪರ್ಕಿಸುವವರಿಗೆ ಇದಾವುದೂ ಬೇಡ: ಪೈಥಾನ್-ಒರಾಕಲ್‌ಡಿಬಿ ಎಂಬ ಪೈಥಾನ್ ಪ್ಯಾಕೇಜಿನ ‘ಥಿನ್’ ವಿಧಾನವು ಕ್ಲೈಂಟ್ ಇಲ್ಲದೆಯೇ 12.1 ಮತ್ತು ನಂತರದ ಆವೃತ್ತಿಯ ಒರಾಕಲ್ ಡೇಟಾಬೇಸ್‌ಗಳಿಗೆ ಸಂಪರ್ಕ ಕಲ್ಪಿಸುತ್ತದೆ.

ತೊಡಕು ಉಳಿದರೆ, ಪಾಸ್‌ವರ್ಡ್ ಮತ್ತು ಸರ್ವರ್ ವಿಳಾಸವನ್ನು ಅಳಿಸಿ, ದೋಷದ ಪೂರ್ಣ ಸಂದೇಶವನ್ನು ಇಲ್ಲಿ ಹಾಕಿ.