ಅವಸರ ಮಾಡುವ ಮೇಲ್ ಬಂದರೆ

ಪ್ರೀತಿಯ ತಮ್ಮಾ,

ಶಿರಸಿಯಿಂದ ಚಿಕ್ಕಪ್ಪನ ಆಶೀರ್ವಾದ. ಮೊದಲ ಸಂಬಳ ಬಂತಂತೆ, ನಿನ್ನ ಆಯಿ ಫೋನಿನಲ್ಲಿ ಹೇಳಿದರು. ತುಂಬಾ ಖುಷಿಯಾಯಿತು. ಜೊತೆಗೇ ಒಂದು ಹೆದರಿಕೆಯೂ ಆಯಿತು, ಅದಕ್ಕೇ ಈ ಪತ್ರ.

ಹೋದ ವರ್ಷ ಅಡಿಕೆ ದುಡ್ಡು ಖಾತೆಗೆ ಬಿದ್ದ ವಾರವೇ ನನಗೊಂದು ಮೇಲ್ ಬಂತು. ಬ್ಯಾಂಕಿನ ಹೆಸರು, ಲೋಗೊ, ಬಣ್ಣ ಎಲ್ಲ ಸರಿಯಾಗೇ ಇತ್ತು. ಸಂಜೆಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್ ಅಂತ ಬರೆದಿತ್ತು. ಕೊನೆಕೊಯ್ಲಿನವರಿಗೆ ಕೂಲಿ ಕೊಡುವುದು ಬಾಕಿ ಇತ್ತು, ಆ ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿಯೇಬಿಟ್ಟೆ. ಆಮೇಲೆ ಒಟಿಪಿ ಬಂತು. ಅಂಕಿ ಮಾತ್ರ ನೋಡಿ ಹಾಕುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ? ಅವತ್ತು ಯಾಕೋ ಮೆಸೇಜನ್ನು ಪೂರ್ತಿ ಓದಿದೆ. ಹಣ ಕಳಿಸಲು ಹೊಸ ಖಾತೆ ಸೇರಿಸುವ ಒಟಿಪಿ ಅದು! ಕೈ ನಡುಗಿತು. ಕೂಡಲೇ ಶಾಖೆಗೆ ಓಡಿ ನೆಟ್‌ಬ್ಯಾಂಕಿಂಗ್ ನಿಲ್ಲಿಸಿದೆ.

ಮನೆಗೆ ಬಂದು ಆ ಲಿಂಕನ್ನು ಸಾವಕಾಶ ಓದಿದೆ. ಮೊದಲು ಬ್ಯಾಂಕಿನ ಹೆಸರು, ಒಂದು ಅಡ್ಡಗೆರೆ, ಆಮೇಲೆ ಕೆವೈಸಿ, ಕೊನೆಗೆ ಡಾಟ್ ಟಾಪ್. ಮನೆಗೆ ಯಾವ ಹೆಸರು ಬೇಕಾದರೂ ಇಡಬಹುದು, ಊರು ಯಾವುದು ಅಂತ ವಿಳಾಸದ ಕೊನೆಯಲ್ಲೇ ಗೊತ್ತಾಗುವುದು. ಇದೂ ಹಾಗೇ. ಶುರುವಿನ ಎರಡು ಸ್ಲ್ಯಾಶ್ ದಾಟಿದ ಮೇಲೆ ಮುಂದಿನ ಸ್ಲ್ಯಾಶ್ ಬರುವ ತನಕ ಏನಿದೆಯೋ ಅದನ್ನು ಹಿಂದಿನಿಂದ ಓದು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ತಮ್ಮ ವಿಳಾಸವನ್ನು ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು, ಆ ಕೊನೆ ಇದೆಯಾ ನೋಡಿಕೋ. ಬೀಗದ ಗುರುತನ್ನು ನಂಬಬೇಡ, ಕಳ್ಳರ ಪುಟಕ್ಕೂ ಅದು ಸಿಗುತ್ತದೆ. ಕಳಿಸಿದವರ ಹೆಸರೂ ಅಷ್ಟೇ.

ಮೇಲ್ ಎಷ್ಟು ಅವಸರ ಮಾಡುತ್ತದೋ ಅಷ್ಟು ನಿಧಾನ ಮಾಡು. ಲಿಂಕ್ ಮುಟ್ಟಬೇಡ, ಬ್ಯಾಂಕಿನ ಆ್ಯಪನ್ನು ನೀನೇ ತೆರೆದು ನೋಡು. ಅಲ್ಲಿ ಏನೂ ಇಲ್ಲ ಅಂದರೆ ಮೇಲ್ ಸುಳ್ಳು ಅಂತಲೇ ಇಟ್ಟುಕೋ, ಅನುಮಾನ ಉಳಿದರೆ ಶಾಖೆಯಲ್ಲಿ ಕೇಳು.

ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಸುಮ್ನೆ ಕೂರಬೇಡ. ಆ ಕ್ಷಣವೇ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ನಾವೇ ಪಾಸ್‌ವರ್ಡ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು.

ಆ ಮೇಲ್ ಇನ್ನೂ ಅಳಿಸಿಲ್ಲ. ಹಬ್ಬಕ್ಕೆ ಬಂದಾಗ ತೋರಿಸುತ್ತೇನೆ, ಆಯಿಯನ್ನೂ ಕೂರಿಸಿಕೊಳ್ಳೋಣ, ಅವರ ಪಿಂಚಣಿ ಮೆಸೇಜೂ ಫೋನಿಗೇ ಬರುತ್ತದಲ್ಲ.

ನಿನ್ನ ಚಿಕ್ಕಪ್ಪ