ಸಂಪಾದಕೀಯ: ‘ಏರಿಯಾ ಹೇಗಿದೆ?’

ಈ ಯುಗಾದಿ ಸಂಚಿಕೆಯ ಎರಡು ಪುಟ ಬರೀ ಗೃಹಪ್ರವೇಶದ ಫೋಟೋಗಳೇ. ಹಾಲುಕ್ಕಿಸಿದವರಿಗೆಲ್ಲ ಅಭಿನಂದನೆ. ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದ ಈ ಬೆಲೆಯಲ್ಲಿ, ಈ ಬಡ್ಡಿಯಲ್ಲಿ ಮನೆ ಕೊಳ್ಳುವುದೆಂದರೆ ಸಣ್ಣ ಸಾಹಸವೇನಲ್ಲ.

ಹೊಸ ಮನೆಯವರು ಒಂದು ಹಾಳೆ ಹುಡುಕಿ ನೋಡಿ. ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿ ಕೊಟ್ಟ ಕಾಗದದ ಕಂತೆಯಲ್ಲಿ, ಬಡಾವಣೆಯ ಹಳೆಯ ಷರತ್ತುಗಳ ಪ್ರತಿ ಇದ್ದರೆ ಅದರ ಮೇಲೆ ಇರುತ್ತದೆ. ಜನಾಂಗ, ಬಣ್ಣ, ಧರ್ಮ ನೋಡಿ ಯಾರನ್ನಾದರೂ ದೂರವಿಡುವ ಷರತ್ತು ಒಳಗಿದ್ದರೆ ಅದಕ್ಕೆ ಬೆಲೆಯಿಲ್ಲ ಎನ್ನುತ್ತದೆ ಆ ಹಾಳೆ. ಹೀಗೆ ಹೇಳಲೇಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ಇದೆ. ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು, ಮನೆಗೆಲಸದವರಾದರೆ ಅಡ್ಡಿಯಿಲ್ಲ ಎಂದು ಆ ಕಾಲದ ಕ್ರಯಪತ್ರಗಳು ಯಾವ ಸಂಕೋಚವೂ ಇಲ್ಲದೆ ಬರೆದುಕೊಂಡಿದ್ದವು.

ಸಾಲದ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದಿತ್ತು. 1933ರಲ್ಲಿ, ಸಾಲ ತೀರಿಸಲಾಗದವರ ಮನೆ ಉಳಿಸಲೆಂದು ಹುಟ್ಟಿದ ಸರ್ಕಾರಿ ಸಂಸ್ಥೆ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಮುಂದೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು. ಉತ್ತಮ ಬಡಾವಣೆಗೆ ಹಸಿರು, ಸಾಲಕ್ಕೆ ಅಪಾಯ ಎನ್ನಿಸಿದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಕೇರಿಗಳಿಗೆಲ್ಲ ಹೆಚ್ಚುಕಡಿಮೆ ಕೆಂಪೇ. ನಮ್ಮ ಪಕ್ಕದ ವೆಸ್ಟ್ ಓಕ್ಲೆಂಡ್ ಕೂಡ. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಸಾಲಕ್ಕೆ ಖಾತರಿ ಕೊಡುವಾಗಲೂ ಇದೇ ಲೆಕ್ಕಾಚಾರ. ಅಂದರೆ ಒಂದು ತಲೆಮಾರಿನ ಬಿಳಿಯರಿಗೆ ಸರ್ಕಾರವೇ ಬೆನ್ನಿಗೆ ನಿಂತು ಮನೆ ಕೊಡಿಸಿತು. ಮನೆಯ ಬೆಲೆ ಏರಿತು, ಮಕ್ಕಳ ಕಾಲೇಜಿಗಾಯಿತು, ಮೊಮ್ಮಕ್ಕಳ ಡೌನ್ ಪೇಮೆಂಟಿಗಾಯಿತು. ಇನ್ನೊಂದು ಗುಂಪು ಜೀವಮಾನವಿಡೀ ಬಾಡಿಗೆ ಕಟ್ಟಿತು. ಇವತ್ತಿಗೂ ಕಪ್ಪು ಕುಟುಂಬಗಳಲ್ಲಿ ಸ್ವಂತ ಮನೆಯಿರುವವರು ಶೇ. 45ರ ಆಸುಪಾಸು, ಬಿಳಿಯರಲ್ಲಿ ಶೇ. 70ರ ಮೇಲೆ.

1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಒಂದು ವಾರಕ್ಕೆ, ಮನೆಯ ಮಾರಾಟ, ಬಾಡಿಗೆಯಲ್ಲಿ ಭೇದಭಾವ ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆ ಬಂತು. ಆಮೇಲೆ ಭೇದಭಾವ ವೇಷ ಬದಲಿಸಿತು. ಮೊದಲು ಸಾಲವೇ ಇಲ್ಲ ಅನ್ನುತ್ತಿದ್ದವರು, ನಂತರ ದುಬಾರಿ ಸಾಲ ಕರೆದು ಕೊಟ್ಟರು. 2 ಲಕ್ಷಕ್ಕೂ ಹೆಚ್ಚು ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಗೆ ಹೆಚ್ಚು ಹಣ ಹೇರಿದ ಆರೋಪದ ಮೇಲೆ 2011ರಲ್ಲಿ ಕಂಟ್ರಿವೈಡ್ ಎಂಬ ಗೃಹಸಾಲ ಕಂಪನಿಯ ಪ್ರಕರಣ 33.5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು.

ನಮಗೇನು ಇದರಿಂದ, ಅನ್ನಬಹುದು. 1923ರಲ್ಲಿ, ಪೌರತ್ವ ಕೇಳಿದ್ದ ಪಂಜಾಬಿ ವಲಸಿಗ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಪೌರರಾಗಲಾರದವರು ಕೃಷಿಭೂಮಿ ಹೊಂದಕೂಡದೆಂಬ ಕಾಯ್ದೆ ಆಗ ಈ ರಾಜ್ಯದಲ್ಲಿತ್ತು. ಪಂಜಾಬಿ ರೈತರು ಜಮೀನನ್ನು ಬೇರೆಯವರ ಹೆಸರಿನಲ್ಲಿಟ್ಟು ಬದುಕಿದರು. 1965ರ ವಲಸೆ ಕಾನೂನಿನ ನಂತರ ಬಂದಿಳಿದ ನಮ್ಮವರಿಗೆ, ಮನೆ ಹುಡುಕುವ ಹೊತ್ತಿಗೆ 1968ರ ಕಾಯ್ದೆ ಸಿದ್ಧವಾಗಿತ್ತು. ಅದಕ್ಕಾಗಿ ಲಾಠಿ ತಿಂದವರು ನಾವಲ್ಲ.

ಇನ್ನು, ನಮ್ಮ ಪಾಟ್‌ಲಕ್‌ಗಳಲ್ಲಿ ಮನೆ ವಿಷಯ ಬಂದರೆ ಮೊದಲ ಪ್ರಶ್ನೆ ‘ಏರಿಯಾ ಹೇಗಿದೆ?’. ಉತ್ತರ ಸ್ಕೂಲ್ ರೇಟಿಂಗ್ ಮೂಲಕ ಬರುತ್ತದೆ, ಕೆಲವೊಮ್ಮೆ ಇನ್ನೂ ನೇರವಾಗಿ, ದನಿ ತಗ್ಗಿಸಿ. ಆ ಕಡೆ ‘ಜನ ಸರಿಯಿಲ್ಲ’ ಅನ್ನುವ ಬಾಯಿಯೇ ಬೆಂಗಳೂರಿನಲ್ಲಿ ಜಾತಿ ಕೇಳಿ ಬಾಡಿಗೆಗೆ ಮನೆ ಕೊಡುವ ಮಾಲೀಕರನ್ನು ಬೈಯುತ್ತದೆ! ಮಕ್ಕಳಿಗೆ ಒಳ್ಳೆಯ ಶಾಲೆ ಬಯಸುವುದು ತಪ್ಪಲ್ಲ. ಆದರೆ ಆ ರೇಟಿಂಗು ಎಲ್ಲಿ ಏರಿ ಎಲ್ಲಿ ಇಳಿಯುತ್ತದೆಂದು ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ಒಮ್ಮೆ ನೋಡಿ. ನಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮುಂದಿನ ತಿಂಗಳು ನಮ್ಮ ಕೂಟದ ಗೃಹಸಾಲ ಮಾಹಿತಿ ಶಿಬಿರವಿದೆ. ಈ ಸಲ ಬಡ್ಡಿ, ಪಾಯಿಂಟ್ಸ್ (ಬಡ್ಡಿ ಇಳಿಸಲು ಮೊದಲೇ ಕಟ್ಟುವ ಹಣ) ಜೊತೆಗೆ ಅರ್ಜಿದಾರರ ಹಕ್ಕುಗಳ ಬಗ್ಗೆಯೂ ಅರ್ಧ ಗಂಟೆ ಇಟ್ಟಿದ್ದೇವೆ. ಸಾಲ ನಿರಾಕರಿಸಿದರೆ ಕಾರಣ ತಿಳಿಯುವ ಹಕ್ಕು ನಿಮಗಿದೆ. ಸಾಮಾನ್ಯವಾಗಿ 30 ದಿನದೊಳಗೆ ನೋಟಿಸು ಬರಬೇಕು. ಮನೆಯ ಅಪ್ರೈಸಲ್ ವರದಿಯ, ಅಂದರೆ ಬೆಲೆ ಅಂದಾಜಿನ, ಪ್ರತಿಯನ್ನೂ ಸಾಲ ಕೊಡುವವರು ಕೊಡಲೇಬೇಕು. ಕನ್ನಡ ಬಾರದ ನೆರೆಹೊರೆಯವರನ್ನೂ ಕರೆತನ್ನಿ, ಆ ಅರ್ಧ ಗಂಟೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕಾಫಿ, ಕೋಡುಬಳೆ ಎಂದಿನಂತೆ.