ಮಂಡಿಯ ಹಳೇ ಪ್ರೋಗ್ರಾಮ್ ಬಿಚ್ಚಿ ಕಟ್ಟಲು ಜೊತೆಯಾದವರಿಗೆ

ಮೊನ್ನೆ ಸೋಮವಾರ ಶಿವಮೊಗ್ಗದ ನಮ್ಮ ಅಡಿಕೆ ಮಂಡಿಯಲ್ಲಿ ಹೊಸ ಕಂಪ್ಯೂಟರ್ ಪ್ರೋಗ್ರಾಮಿನಿಂದ ಪಟ್ಟಿ, ಅಂದರೆ ರೈತರಿಗೆ ಕೊಡುವ ಮಾರಾಟದ ಲೆಕ್ಕದ ಬಿಲ್ಲು, ಹೊರಬಂತು. ಹಳೆಯದರ ಜೊತೆ ತಾಳೆ ನೋಡದೆ ರೈತರ ಕೈಗೆ ಕೊಟ್ಟ ಮೊದಲ ಪಟ್ಟಿ ಅದು. ಇದು ಎರಡು ವರ್ಷದ ಕೆಲಸ, ನಾನೊಬ್ಬನೇ ಮಾಡಿದ್ದಲ್ಲ.

ಮೊದಲ ನಮಸ್ಕಾರ ಹಳೇ ಪ್ರೋಗ್ರಾಮ್ ಬರೆದ ಹಿರಿಯರಿಗೆ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ್ದು, ಕ್ಲಿಪ್ಪರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ತೂಕ, ಟೆಂಡರ್ ದರ, ಹಮಾಲಿ, ಕಮಿಷನ್, ಮುಂಗಡದ ಬಡ್ಡಿ ಎಲ್ಲ ಒಂದೇ ಉದ್ದನೆಯ ಫೈಲಿನಲ್ಲಿ. ಒಂದು ಪ್ರೊಸೀಜರ್‌ನ ವೇರಿಯಬಲ್ (ಅಂಕಿ ಇಟ್ಟುಕೊಳ್ಳುವ ಹೆಸರು) ಅದು ಕರೆಯುವ ಕೋಡಿನ ಉಳಿದೆಲ್ಲ ತುಂಡುಗಳಿಗೂ ಕಾಣುತ್ತಿತ್ತು. ನಾನು ಹಮಾಲಿ ದರ ತಿದ್ದಿದರೆ ಬಡ್ಡಿ ಕೆಡುತ್ತಿತ್ತು. 2017ರಲ್ಲಿ ಜಿಎಸ್‌ಟಿ ಸೇರಿಸುವಾಗ ಸಿಟ್ಟಿನಲ್ಲಿ ಏನೇನೋ ಅಂದಿದ್ದೆ. ಆಮೇಲೆ ತೀರ್ಥಹಳ್ಳಿಯ ಅವರ ಮನೆಗೆ ಹೋದೆ. ಡಾಸ್‌ನ 640 ಕೆಬಿ ಮೆಮೊರಿಯಲ್ಲಿ ಇಷ್ಟನ್ನೂ ಹೇಗೆ ತುರುಕಿದೆ ಅಂತ ಮಧ್ಯಾಹ್ನವಿಡೀ ಕೂತು ಹೇಳಿದರು. ಅಷ್ಟರಲ್ಲೇ ಅಷ್ಟು ವರ್ಷ ರೈತರ ದುಡ್ಡಿನ ಲೆಕ್ಕ ನಡೆಯಿತಲ್ಲ, ಸಣ್ಣ ಮಾತಲ್ಲ ಅದು. ಅವರಿಗೆ ಥ್ಯಾಂಕ್ಸ್ ಜೊತೆ ನನ್ನ ಕ್ಷಮೆಯೂ ಸಲ್ಲಬೇಕು.

ಡಾಸ್ ಪ್ರೋಗ್ರಾಮ್ 64 ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ. ಹಾಗಾಗಿ ಮೊದಲು ಕೋಡನ್ನು ಇದ್ದಹಾಗೇ, ಕ್ಲಿಪ್ಪರ್ ಕೋಡನ್ನು ಈಗಿನ ಕಂಪ್ಯೂಟರಿಗೆ ಹೊಂದಿಸುವ ಹಾರ್ಬರ್ ಕಂಪೈಲರ್‌ಗೆ ತಂದೆವು. ಪಟ್ಟಿ ತೆಗೆದರೆ ಕಮಿಷನ್ ಸೊನ್ನೆ! ಮೂರು ದಿನ ಯಾಕೆ ಅಂತ ತಿಳಿಯಲಿಲ್ಲ. ಹುಡುಕಿಕೊಟ್ಟವಳು ನನ್ನ ಜೊತೆ ಕೆಲಸ ಮಾಡುವ ಸಾಗರದ ಹುಡುಗಿ. ಕ್ಲಿಪ್ಪರ್ ವೇರಿಯಬಲ್ ಹೆಸರಿನ ಮೊದಲ 10 ಅಕ್ಷರ ಮಾತ್ರ ನೋಡುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕಮಿಷನ್ ಸರಿಯಾಗಿ 10 ಅಕ್ಷರ. ಕೋಡಿನಲ್ಲಿ ಕೆಲವು ಕಡೆ ಕೊನೆಗೊಂದು ಎಸ್ ಸೇರಿತ್ತು. ಕ್ಲಿಪ್ಪರ್‌ಗೆ ಎರಡೂ ಒಂದೇ, ಹಾರ್ಬರ್‌ಗೆ ಬೇರೆ ಬೇರೆ. ಅವಳಷ್ಟು ತಾಳ್ಮೆಯಿಂದ ಕೋಡ್ ಓದುವವರನ್ನು ನಾನು ನೋಡಿಲ್ಲ.

ಎಲ್ಲಕ್ಕಿಂತ ಜಾಸ್ತಿ ಋಣ ನಮ್ಮ ಗುಮಾಸ್ತರದ್ದು. ಆ ಫೈಲನ್ನು ಎಲ್ಲಿ ಬಿಡಿಸಬೇಕು ಅಂತ ನನಗೆ ಹೊಳೆಯುತ್ತಿರಲಿಲ್ಲ. ಅವರು ಕರೆದುಕೊಂಡು ಹೋಗಿ ಮಂಡಿ ತೋರಿಸಿದರು. “ನೋಡು ಮಾರಾಯ, ತೂಕ ಹಾಕೋನು ದರ ಕೇಳಲ್ಲ. ಪಟ್ಟಿ ಬರೆಯೋ ನಾನು ತೂಕ ತಿದ್ದಲ್ಲ. ಚೀಟಿ ಬರುತ್ತೆ, ಅದನ್ನ ನಂಬ್ತೀನಿ.” ಅಲ್ಲೇ ಉತ್ತರವಿತ್ತು, ಅಲ್ವಾ? ತೂಕಕ್ಕೊಂದು ಮಾಡ್ಯೂಲ್ (ಪ್ರೋಗ್ರಾಮಿನ ಬೇರೆ ಭಾಗ), ಪಟ್ಟಿಗೊಂದು, ಬಡ್ಡಿಗೊಂದು. ಒಂದರ ಒಳಗಿನ ವೇರಿಯಬಲ್ ಇನ್ನೊಂದಕ್ಕೆ ಕಾಣುವುದಿಲ್ಲ. ನಡುವೆ ಓಡಾಡುವುದು ಚೀಟಿಯಷ್ಟೇ. ಮುಂಗಡದ ಬಡ್ಡಿ ನಿಲ್ಲುವುದು ಅಡಿಕೆ ಬಂದ ದಿನ ಅಲ್ಲ, ಮಾರಾಟವಾದ ದಿನ ಅನ್ನುವುದನ್ನೂ ಅವರೇ ಹೇಳಿದ್ದು. ಹಳೇ ಕೋಡಿನಲ್ಲಿ ಅದು ಮೂರು ಕಡೆ ಮೂರು ಥರ ಇತ್ತು. ಅವರು ಕಟ್ಟಿಟ್ಟಿದ್ದ ಹಳೇ ಪಟ್ಟಿಗಳ ಕಾರ್ಬನ್ ಪ್ರತಿಗಳನ್ನೇ ಇಟ್ಟುಕೊಂಡು ಪ್ರತಿ ಮಾಡ್ಯೂಲನ್ನೂ ಪರೀಕ್ಷೆ ಮಾಡಿದೆವು. ರಾಶಿ, ಬೆಟ್ಟೆ, ಗೊರಬಲು, ಸರಕು, ಅಡಿಕೆಯ ಒಂದು ಬಗೆಯನ್ನೂ ಬಿಡಲಿಲ್ಲ.

ಒಂದು ಸುಗ್ಗಿ ಪೂರ್ತಿ ಎರಡೂ ಪ್ರೋಗ್ರಾಮಿನಲ್ಲಿ ಪಟ್ಟಿ ತೆಗೆದೆವು. ಹೊಸನಗರ, ಸಾಗರದ ಕಡೆಯಿಂದ ಬಂದವರು ಬಸ್ಸಿಗೆ ಹೊತ್ತಾದರೂ ಸುಮ್ನೆ ಕಾದರು. ಅವರಿಗೂ, ಖರ್ಚು ನೋಡಿ ಹಿಂದೆ ಸರಿಯದ ಮಾಲೀಕರಿಗೂ ವಂದನೆ.

ಈ ವಾರ ಹಮಾಲಿ ದರ ಬದಲಾಯಿತು. ಒಂದೇ ಫೈಲ್ ಮುಟ್ಟಿದೆ. ಬಡ್ಡಿ ಅಲುಗಲಿಲ್ಲ. ಗುಮಾಸ್ತರು ಆದರೂ ಪೆನ್ನು ಹಿಡಿದು ನಾಲ್ಕು ಪಟ್ಟಿ ಲೆಕ್ಕ ಹಾಕಿ ನೋಡಿದರು. ಇನ್ನೂ ಸ್ವಲ್ಪ ದಿನ ಹಾಗೇ ನೋಡುತ್ತಿರಿ ಅಂತ ಕೇಳಿಕೊಂಡಿದ್ದೇನೆ.